ಭಂಡಾರ ಮುಟ್ಟಿದ ಪೇದೆ

ಕುರಿ ಕಾಯುವವನನ್ನು ತಂದು ಪೊಲೀಸ್ ಮಾಡಬಹುದು. ಆ ಪೊಲೀಸನನ್ನು ಮತ್ತೆ ಕುರಿ ಕಾಯುವವನ ವೇಷದಲ್ಲಿ ಕಳ್ಳರ ನಡುವೆ ಕೂಡಿಸಲೂಬಹುದು. ಆದರೆ ಚಿಕ್ಕಂದಿನಲ್ಲಿ ನಾಲಿಗೆ ಕಲಿತದ್ದನ್ನು ಮರೆಸುವ ತರಬೇತಿ ಯಾವ ಇಲಾಖೆಯಲ್ಲೂ ಇಲ್ಲ. ಕಾಂತುಗೆ ಕಂಟಕ ಬಂದದ್ದು ಆ ನಾಲಿಗೆಯಿಂದಲೇ.

ಹಿಂದಿನ ಅರಸರು ಗೂಢಚಾರನನ್ನು ಕಳಿಸುವಾಗ ಕುದುರೆ, ಕಠಾರಿ, ಬೆರಳಿಗೆ ಮುದ್ರೆಯುಂಗುರ ಕೊಟ್ಟು ಕಳಿಸುತ್ತಿದ್ದರಂತೆ. ಸರಕಾರ ಎನ್ನುವ ಈಗಿನ ಅರಸ ಇಪ್ಪತ್ನಾಲ್ಕು ವರ್ಷದ ಪೇದೆ ಕಾಂತುಗೆ ಕೊಟ್ಟದ್ದು ಗುಂಡಿ ಸವೆದ ಒಂದು ಮೊಬೈಲು, ಯಾರೋ ಉಟ್ಟು ಬಿಟ್ಟ ಲುಂಗಿ ಮತ್ತು ಅರುಣಕುಮಾರ ಎನ್ನುವ ಸುಳ್ಳು ಹೆಸರು. ಅಷ್ಟನ್ನು ಕಟ್ಟಿಕೊಂಡು ಅವನು ಸಾಲೋಟಗಿಯ ಆಚೆ, ಕಬ್ಬಿನ ಹೊಲಗಳ ನಡುವೆ ಇದ್ದ ಬಸಂತರಾಯನ ಕುರಿದಡ್ಡಿಗೆ ಆಳಾಗಿ ಸೇರಿ ಹನ್ನೆರಡು ದಿನವಾಗಿತ್ತು.

ಬಸಂತರಾಯ ಊರಿಗೆಲ್ಲ ಕುರಿ ವ್ಯಾಪಾರಿ. ಬಿಳಿ ಅಂಗಿ, ಬಿಳಿ ಜೀಪು, ಮಾತಿಗೊಮ್ಮೆ ಶಿವಶಿವಾ. ಆದರೆ ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ರಾತ್ರಿ ಹೊಲದಲ್ಲಿ ತಂಗಿದ್ದ ಹಿಂಡುಗಳು ಒಂದೊಂದಾಗಿ ಮಾಯವಾಗುತ್ತಿದ್ದದ್ದಕ್ಕೂ ಅವನ ದಡ್ಡಿಗೂ ಸಂಬಂಧವಿದೆ ಎಂದು ಪಿಎಸ್‌ಐ ವಿದ್ಯಾವತಿಗೆ ಖಾತ್ರಿಯಿತ್ತು. ಕದ್ದ ಕುರಿಗಳು ಇಲ್ಲಿಗೆ ಬರುತ್ತವೆ, ಕಿವಿಯ ಗುರುತು ಬದಲಾಗುತ್ತದೆ, ಎರಡು ದಿನ ಬಿಟ್ಟು ಲಾರಿ ಏರಿ ಭೀಮಾ ನದಿ ದಾಟುತ್ತವೆ. ಒಮ್ಮೆ ದಾಳಿ ಮಾಡಿದಾಗ ಸಿಕ್ಕವರು ಇಬ್ಬರು ಕೂಲಿಗಳು ಮಾತ್ರ. ಬಸಂತರಾಯ ತನಗೂ ಅದಕ್ಕೂ ಸಂಬಂಧವಿಲ್ಲ ಎಂದು ಕೈ ತೊಳೆದುಕೊಂಡ. ಆ ಸಲ ಸುದ್ದಿ ಕೊಟ್ಟಿದ್ದ ಬಡಪಾಯಿಯೊಬ್ಬ ಹದಿನೈದು ದಿನದ ಮೇಲೆ ಕಾಲುವೆಯಲ್ಲಿ ಸಿಕ್ಕಿದ, ಎರಡೂ ಕಾಲು ಮುರಿದು, ಉಸಿರಿಲ್ಲದೆ. ಸಾಕ್ಷಿ ಹೇಳಲು ಒಂದು ನರಪಿಳ್ಳೆಯೂ ಮುಂದೆ ಬರಲಿಲ್ಲ.

"ಅವ ಕುರಿ ತುಂಬೂ ಹೊತ್ತಿಗಿ ತಾನ ದಡ್ಡಿಗಿ ಬರ್ತಾನ. ಆವಾಗ ಹಿಡೀಬೇಕು," ಎಂದಿದ್ದಳು ವಿದ್ಯಾವತಿ. "ನನಗ ಎರಡು ಮಿಸ್ಡ್ ಕಾಲ್ ಕೊಡು, ಇಂಡಿ ಠಾಣೇದಿಂದ ಇಪ್ಪತ್ತು ಮಿನಿಟಿನ್ಯಾಗ ಬರ್ತೇನಿ. ಅಲ್ಲೀತನ ನೀ ಪೊಲೀಸ ಅಂತ ನಿನ್ನ ನೆರಳಿಗೂ ಗೊತ್ತಾಗಬಾರ್ದು."

ಗೊತ್ತಾದರೆ ಏನಾಗುತ್ತದೆ ಎಂದು ಅವಳೂ ಹೇಳಲಿಲ್ಲ, ಇವನೂ ಕೇಳಲಿಲ್ಲ. ಕಾಲುವೆ ಇಬ್ಬರ ಕಣ್ಣಮುಂದೆಯೂ ಇತ್ತು.

ದಡ್ಡಿಯಲ್ಲಿ ಕಾಯಂ ಇದ್ದವನು ರೇವಣಪ್ಪ ಒಬ್ಬನೇ. ಅರವತ್ತೈದು ದಾಟಿದ ಮುದುಕ. ಹೆಗಲ ಮೇಲೆ ಕಂಬಳಿ, ಸೊಂಟಕ್ಕೆ ಕುರಿಯವರ ದೇವರು ಬೀರಪ್ಪನ ಭಂಡಾರದ ಪುಟ್ಟ ಚೀಲ, ಆ ಅರಿಷಿಣ ತಾಕಿ ಧೋತರದ ಅಂಚೆಲ್ಲ ಹಳದಿ. ಒಂದು ಕಾಲಕ್ಕೆ ಇನ್ನೂರು ಕುರಿಯ ಧಣಿ. ನೀಲಿ ನಾಲಿಗೆ ಬೇನೆ ಬಂದು ಹದಿನೈದು ದಿನದಲ್ಲಿ ಹಿಂಡಿಗೆ ಹಿಂಡೇ ಹೋಯಿತು. ಕುರಿಯ ವಾಸನೆ ಇಲ್ಲದೆ ನಿದ್ದೆ ಹತ್ತುವುದಿಲ್ಲ ಎಂದು ಕುರಿ ಇದ್ದವರ ಬಾಗಿಲಿಗೆ ಬಂದ. ಬಂದ ಬಾಗಿಲು ಕಳ್ಳನದು ಎಂದು ತಿಳಿಯುವ ಹೊತ್ತಿಗೆ ಕಿವಿ ಕೊಯ್ಯುವ ಚಾಕು ಅವನ ಕೈಯಲ್ಲೇ ಇತ್ತು. ಅವನು ಒಳ್ಳೆಯವನೆಂದು ಯಾರೂ ಹೇಳುವುದು ಬೇಡ. ಆದರೆ ಕಾಂತುಗೆ ಮೂರು ದಿನ ಜ್ವರ ಬಂದಾಗ ಕಂಬಳಿ ಹೊದಿಸಿ, ಹಾಲು ಕಾಸಿ ಕುಡಿಸಿ, ಹಣೆಗೆ ಭಂಡಾರ ಹಚ್ಚಿದವನು ಅವನೇ. ಕಾಂತುಗೆ ಮುದುಕ ಹಿಡಿಸಿಬಿಟ್ಟಿದ್ದ. ಗೂಢಚಾರನಿಗೆ ಇರಬಾರದ ರೋಗ ಇದು.

ಹನ್ನೆರಡನೆಯ ದಿನ ಮುಂಜಾನೆ ಹತ್ತರ ಸುಮಾರಿಗೆ ಒಂದು ಪಿಕಪ್ ಗಾಡಿ ಬಂತು. ಹಿಂದೆ ತಾಡಪತ್ರಿ ಕಟ್ಟಿತ್ತು. ಬಿಚ್ಚಿ ಹಲಗೆ ಇಳಿಸಿದ್ದೇ ತಡ, ಬಿಸಿಲಿಗೆ ಕಣ್ಣು ಕುಕ್ಕಿ ಕುರಿಗಳು ಬೆದರಿದವು. ದಡ್ಡಿಯ ಬಾಗಿಲು ಬಲಕ್ಕೆ. ಎಡಕ್ಕೆ ಕಟ್ಟೆ ಕುಸಿದ ಹಾಳು ಬಾವಿ. ಮುಂದಿನ ಕುರಿ ಎಡಕ್ಕೆ ಹೊರಳಿತು. ಕುರಿ ಅಂದಮೇಲೆ ಕೇಳಬೇಕೆ, ಒಂದು ಹೋದ ಕಡೆಗೇ ಐವತ್ತೂ ಹೊರಟವು.

ಕಾಂತು ವಿಚಾರ ಮಾಡಲಿಲ್ಲ. ವಿಚಾರ ಮಾಡಲು ಹೊತ್ತೂ ಇರಲಿಲ್ಲ. ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಎರಡು ಸಲ ಟಕ್ ಟಕ್ ಎನ್ನಿಸಿ, ಗಂಟಲಿನಿಂದ ಉದ್ದಕ್ಕೆ ಒಂದು ಕೂಗು ಹಾಕಿದ.

ಬಾವಿಯ ಅಂಚಿಗೆ ಬಂದಿದ್ದ ಕುರಿಗಳು ಗಕ್ಕನೆ ನಿಂತವು. ತಿರುಗಿದವು. ಅಷ್ಟೂ ಕುರಿ ಓಡಿಬಂದು ಕಾಂತುವಿನ ಸುತ್ತ ನೆರೆದು, ಅವನ ಲುಂಗಿಗೆ ಮೂತಿ ತಿಕ್ಕತೊಡಗಿದವು. ಅರ್ಧ ಮುಖ ಕಪ್ಪಗಿದ್ದ ಒಂದು ಕುರಿ ಅವನ ಮೊಣಕಾಲು ನೆಕ್ಕಿತು. ಆಗ ಕಾಂತುಗೆ ಗುರುತು ಹತ್ತಿತು. ಇದು ಮೋರಟಗಿಯ ತನ್ನ ಸೋದರಮಾವ ಭೀಮಶ್ಯಾನ ಹಿಂಡು. ಪೊಲೀಸ್ ನೌಕರಿ ಸಿಗುವವರೆಗೆ ತಾನೇ ಕಾಯ್ದ ಹಿಂಡು. ನಿನ್ನೆಯವರೆಗೆ ಮಾವನ ಹತ್ತಿರ ಇದ್ದದ್ದು ಈಗ ಇಲ್ಲಿದೆ ಅಂದರೆ ಮಾವ ಬದುಕಿದ್ದಾನೋ ಇಲ್ಲವೋ, ಅದನ್ನು ಬಾಯಿಬಿಟ್ಟು ಕೇಳುವಂತೆಯೂ ಇಲ್ಲ.

"ಭಾರೀ ಅದೀಯಲೇ," ಎಂದು ಗಾಡಿಯ ಡ್ರೈವರ್ ನಕ್ಕು ಚಹಾ ಕುಡಿಯಲು ಹೋದ. ಅವನಿಗೆ ಕುರಿಯೆಂದರೆ ಮಾಂಸ, ಅದಕ್ಕಿಂತ ಹೆಚ್ಚಿಗೆ ತಿಳಿಯದು. ರೇವಣಪ್ಪ ಮಾತ್ರ ಚಾಕು ಹಿಡಿದು ನಿಂತಲ್ಲೇ ನಿಂತಿದ್ದ.

ಕುರಿಗಳನ್ನು ಒಳಗೆ ಹಾಕಿ ಬೇಲಿಯ ಮುಳ್ಳು ಎಳೆದಮೇಲೆ ಮುದುಕ ಬೇವಿನ ಗಿಡದ ಕೆಳಗೆ ಕಾಂತುವನ್ನು ಕರೆದ.

"ಯಾರ ಹಿಂಡು ಇದು?"

"ನನಗೇನ್ ಗೊತ್ತ ಯಜಮಾನ. ಗಾಡ್ಯಾಗ ಬಂದಾವ."

"ನೀ ಸುಳ್ಳ ಹೇಳ್ತಿ, ಕುರಿ ಹೇಳೂದಿಲ್ಲ." ರೇವಣಪ್ಪನ ದನಿ ಏರಲಿಲ್ಲ. "ಒಂದ ಮನಿ ಕೂಗ ಇನ್ನೊಂದ ಮನಿ ಕುರಿ ಕೇಳೂದಿಲ್ಲ. ನಾ ಕೂಗಿದ್ರ ಇವು ಬಾವ್ಯಾಗ ಬೀಳ್ತಿದ್ದವು. ನೀ ಕೂಗಿದಿ, ತಾಯಿ ಕರದಂಗ ಬಂದುವು. ಈ ಕೂಗ ನಿನಗ ಯಾರು ಕಲಿಸ್ಯಾರ?"

ಕಾಂತು ಸುತ್ತ ಕಣ್ಣಾಡಿಸಿದ. ಓಡಿದರೆ ಕಬ್ಬಿನೊಳಗೆ ಓಡಬೇಕು. ಡ್ರೈವರ್ ಅಲ್ಲೇ ಹತ್ತು ಮಾರು ದೂರದಲ್ಲಿದ್ದಾನೆ. ತರಬೇತಿಯಲ್ಲಿ ಒಂದು ಮಾತು ಹೇಳಿಕೊಟ್ಟಿದ್ದರು: ಸುಳ್ಳು ಹೇಳುವುದಾದರೆ ನಿಜದ ಪಕ್ಕದ ಮನೆಯ ಸುಳ್ಳನ್ನೇ ಹೇಳು.

"ನಮ್ಮ ಮಾವ," ಎಂದ. "ಹೋದ ತಿಂಗಳ ಅರ್ಧ ಹಿಂಡು ಹೋತು. ಹುಡಿಕ್ಕೋಂತ ಇಲ್ಲಿ ಬಂದ ಸೇರೀನಿ. ಈಗ ಉಳದ ಅರ್ಧಾನೂ ಇಲ್ಲೇ ಬಂತು."

ಮುದುಕ ಅವನ ಮುಖ ನೋಡಿದ. ನಂಬಿದ. ಕುರಿ ಕಳೆದುಕೊಂಡವನು ಕುರಿಯ ಬೆನ್ನು ಹತ್ತಿ ಎಲ್ಲಿಯವರೆಗೂ ಹೋಗುತ್ತಾನೆ ಎನ್ನುವುದು ಅವನಿಗೆ ಗೊತ್ತಿತ್ತು. ತಾನೂ ಒಮ್ಮೆ ಒಂದು ಟಗರಿನ ಸಲುವಾಗಿ ಸೊಲ್ಲಾಪುರದವರೆಗೆ ನಡೆದವನು. ಈ ಹುಡುಗ ಪೊಲೀಸ್ ಇರಬಹುದು ಎನ್ನುವ ಸಂಶಯ ಅವನ ತಲೆಯಲ್ಲಿ ಸುಳಿಯಲೇ ಇಲ್ಲ. ಕುರಿ ಕೂಗುವವನು ಕುರಿಯವನೇ, ಅದರಾಚೆ ಇನ್ನೇನೂ ಆಗಲಾರ ಎಂದು ತಿಳಿದದ್ದೇ ಅವನ ತಪ್ಪು.

"ಬಸಂತರಾಯಗ ಹೇಳಬೇಕು ನಾ. ಹೇಳದಿದ್ರ ನನ್ನ ಜೀವಕ್ಕ ಬರ್ತೈತಿ," ಎಂದ. "ಆದ್ರ ಹೇಳೂದಿಲ್ಲ. ನಾಳಿ ಮುಂಜಾನೆ ಇವನ್ನ ಹಳ್ಳದ ದಂಡಿಗಿ ಮೇಸಾಕ ಬಿಡ್ತೇನಿ. ನಿನ್ನವು ನಿನ್ನ ಹಿಂದ ಬರ್ತಾವ. ಹೊಡ್ಕೊಂಡು ಹೋಗಿಬಿಡು. ಬೆದರಿ ಓಡಿದುವು ಅಂತ ನಾ ಹೇಳ್ಕೋತೇನಿ."

"ಹೊಡೀತಾನ ನಿಮ್ಮನ್ನ."

"ಹೊಡಿಲಿ. ಒಂದ ಮಾತು ಐತಿ." ಸೊಂಟದ ಚೀಲ ಬಿಚ್ಚಿ ಒಂದು ಹಿಡಿ ಭಂಡಾರವನ್ನು ಅಂಗೈಗೆ ಸುರಿದುಕೊಂಡು ಮುಂದೆ ಹಿಡಿದ. "ಮುಟ್ಟು ಇದನ್ನ. ಪೊಲೀಸರ ಕಡಿ ಹೋಗೂದಿಲ್ಲ, ಈ ದಡ್ಡಿ ಯಾರಿಗೂ ತೋರ್ಸೂದಿಲ್ಲ ಅನ್ನು. ಅಂದ್ರ ನಿನ್ನ ಕುರಿ ನಿನಗ. ಅನ್ನಲಿಲ್ಲಂದ್ರ ನನ್ನ ಬಾಯಿ ನಾ ಮುಚ್ಚಾಕ ಆಗೂದಿಲ್ಲ."

ಕಾಂತು ಒಂದು ಪ್ರಮಾಣ ಮಾಡಿಯೇ ಇಲ್ಲಿಗೆ ಬಂದಿದ್ದ. ಮೈದಾನದಲ್ಲಿ ಮುನ್ನೂರು ಜನರ ಜೊತೆ ಕೈ ಚಾಚಿ, ಮೈಕಿನಲ್ಲಿ ಸಾಹೇಬರು ಓದಿದ್ದನ್ನು ತಿರುಗಿ ಹೇಳಿದ ಪ್ರಮಾಣ. ಅದನ್ನು ಅವನು ಸುಮ್ಮನೆ ಮಾಡಿರಲಿಲ್ಲ, ಮನಸ್ಸಿನಿಂದಲೇ ಮಾಡಿದ್ದ. ಆದರೆ ಭಂಡಾರದ ಮಾತು ಬೇರೆ. ಮೋರಟಗಿಯಲ್ಲಿ ಅವರ ಓಣಿಯ ಕೊನೆಗೆ ಗೋಡೆ ಬಿದ್ದ ಒಂದು ಮನೆಯಿತ್ತು. ಅದರ ಮುಂದೆ ಹಾಯುವಾಗಲೆಲ್ಲ ತಾಯಿ ಸುಂದರವ್ವ ಅವನ ಕೈ ಬಿಗಿ ಹಿಡಿಯುತ್ತಿದ್ದಳು. ಸುಳ್ಳ ಭಂಡಾರ ಮುಟ್ಟಿದವರ ಮನಿ ಅದು, ಒಬ್ಬರೂ ಉಳೀಲಿಲ್ಲ ಎನ್ನುತ್ತಿದ್ದಳು. ಪಿಯುಸಿಯಲ್ಲಿ ವಿಜ್ಞಾನ ಓದಿದವನು ಕಾಂತು. ಆದರೂ ಆ ಮನೆಯ ಮುಂದೆ ಇವತ್ತಿಗೂ ಬೈಕು ತುಸು ಜೋರಾಗಿಯೇ ಓಡಿಸುತ್ತಾನೆ.

ಅಷ್ಟರಲ್ಲಿ ಹೊಲದ ದಾರಿಯಲ್ಲಿ ಧೂಳೆದ್ದಿತು. ಬಿಳಿ ಜೀಪು. ಬಸಂತರಾಯ ಇಂದೇ ಬಂದುಬಿಟ್ಟಿದ್ದ.

"ಲಗೂನ," ಎಂದ ರೇವಣಪ್ಪ. ಚಾಚಿದ ಕೈಯನ್ನು ಇನ್ನಷ್ಟು ಮುಂದೆ ತಂದ. ಮುದುಕನಿಗೂ ಭಯವಾಗಿತ್ತು.

ಕಾಂತು ಭಂಡಾರದ ಮೇಲೆ ಕೈಯಿಟ್ಟ. "ಬೀರಪ್ಪನ ಆಣಿ. ಪೊಲೀಸರ ಕಡಿ ಹೋಗೂದಿಲ್ಲ. ದಡ್ಡಿ ತೋರ್ಸೂದಿಲ್ಲ." ಮಾತು ಮುಗಿಸಿ ಕೈ ಹಿಂದೆಳೆದುಕೊಂಡ. ಅಂಗೈ ಹಳದಿಯಾಗಿತ್ತು, ಲುಂಗಿಗೆ ಒರೆಸಿಕೊಂಡರೂ ಹೋಗಲಿಲ್ಲ.

ಬಸಂತರಾಯ ಜೀಪಿನಿಂದ ಇಳಿದು ಹಿಕ್ಕೆ ತುಳಿಯದಂತೆ ಹೆಜ್ಜೆ ನೋಡಿ ನೋಡಿ ಇಡುತ್ತ ಬಂದ. "ಗಿಡದ ಬುಡಕ ಇಬ್ರೂ ಏನ್ ಪಿಸುಪಿಸು ನಡಸೀರಿ?"

"ಹುಡುಗಗ ಮತ್ತ ಮೈ ಕಾದೈತ್ರಿ ಸಾವಕಾರ. ಭಂಡಾರ ಹಚ್ಚಾಕತ್ತಿದ್ದೆ," ಎಂದ ರೇವಣಪ್ಪ, ಕಾಂತುವಿನ ಹಣೆಗೆ ಬೆರಳೆಳೆಯುತ್ತ. ಎಷ್ಟು ಸಲೀಸಾಗಿ ಅಂದನೆಂದರೆ, ಪಗಾರ ತಿಂದು ವೇಷ ಹಾಕಿದವನಿಗಿಂತ ಮುದುಕನೇ ಆ ಕೆಲಸದಲ್ಲಿ ಪಳಗಿದವನ ಹಾಗೆ ಕಂಡ.

ಬಸಂತರಾಯ ಇಬ್ಬರನ್ನೂ ನೋಡಿದ. ನೋಡಿ, "ಜ್ವರ ಆಮ್ಯಾಲ. ಲಾರಿ ನಾಳಿ ಅಲ್ಲ, ಇವತ್ತ ನಾಕಕ್ಕ ಬರ್ತೈತಿ. ಇದ್ದದ್ದೆಲ್ಲಾ ಏರಿಸ್ರಿ," ಎಂದು ಛಪ್ಪರದ ಹೊರಸಿನ ಮೇಲೆ ಹೋಗಿ ಕುಳಿತ.

ನಾಳೆ ಮುಂಜಾನೆ ಎನ್ನುವುದು ಇನ್ನಿಲ್ಲ ಎಂದಾಯಿತು. ರೇವಣಪ್ಪ ಕಾಂತುವಿನ ಕಡೆ ನೋಡಿ ತಲೆ ತಗ್ಗಿಸಿದ; ಮಾತು ಕೊಟ್ಟು ತಪ್ಪಿದವನು ತಾನೇ ಎನ್ನುವ ಹಾಗೆ.

ಮಧ್ಯಾಹ್ನವಿಡೀ ಕಿವಿ ಕೊಯ್ಯುವ ಕೆಲಸ ನಡೆಯಿತು. ಕಾಂತು ಒಂದೊಂದೇ ಕುರಿ ಹಿಡಿದು ಕೊಡುತ್ತಿದ್ದ. ಲುಂಗಿಯ ಗಂಟಿನಲ್ಲಿ ಮೊಬೈಲು ತೊಡೆಗೆ ಒತ್ತುತ್ತಿತ್ತು. ಡ್ರೈವರ್ ಬೇಲಿಯ ಹತ್ತಿರದಿಂದ ಕದಲಲಿಲ್ಲ, ಬಸಂತರಾಯನ ಕಣ್ಣು ಕಾಂತುವಿನ ಬೆನ್ನು ಬಿಡಲಿಲ್ಲ. ಎರಡು ಗಂಟೆಯಾಯಿತು. ಎರಡೂವರೆ. ನೀರಿಗೆ ಹೋಗುತ್ತೇನೆ ಎಂದರೆ ಡ್ರೈವರನೂ ಹಿಂದೆ ಬಂದ. ಇನ್ನು ಕರೆ ಮಾಡದಿದ್ದರೆ ವಿದ್ಯಾವತಿ ಬರುವುದರೊಳಗೆ ಲಾರಿ ನದಿಯಾಚೆ ಇರುತ್ತದೆ. ಮಾವನ ಹಿಂಡೂ ಹೋಗುತ್ತದೆ, ಬಸಂತರಾಯನೂ ಹೋಗುತ್ತಾನೆ.

ಮೂರರ ಸುಮಾರಿಗೆ ರೇವಣಪ್ಪ ಎದ್ದು ಛಪ್ಪರದ ಕಡೆ ನಡೆದ. "ಸಾವಕಾರ, ಹೊಸಾವು ಹದಿನೈದು ಕುರಿ ಜೊಲ್ಲ ಸುರಸಾಕತ್ತಾವ್ರಿ. ಬ್ಯಾನಿ ಇರಬೇಕು. ಲಾರಿ ಏರಿಸಿದ್ರ ಎಲ್ಲಾಕ್ಕೂ ಹತ್ತತೈತಿ. ಇಲ್ಲೇ ಬಿಡೂಣ."

ಯಾವ ಕುರಿಗೂ ಬೇನೆ ಇರಲಿಲ್ಲ. ಅರ್ಧ ಮುಖ ಕಪ್ಪಗಿದ್ದ ಕುರಿಯನ್ನು ಮುಂದೆ ಮಾಡಿ ಮುದುಕ ಬೇರೆ ನಿಲ್ಲಿಸಿದ್ದು ಭೀಮಶ್ಯಾನ ಕುರಿಗಳನ್ನು. ಎಲ್ಲವನ್ನೂ ಉಳಿಸಲಾಗದಿದ್ದರೆ ಹದಿನೈದನ್ನಾದರೂ ಹುಡುಗನಿಗೆ ಉಳಿಸಿ ಕೊಡಬೇಕೆಂದು ಅವನ ಹಟ.

ಬಸಂತರಾಯ ಬಂದು ಒಂದು ಕುರಿಯ ಬಾಯಿ ಬಿಡಿಸಿ ನೋಡಿದ. ಕಣ್ಣರೆಪ್ಪೆ ಎತ್ತಿ ನೋಡಿದ. ಆಮೇಲೆ ರೇವಣಪ್ಪನ ಕೆನ್ನೆಗೆ ಬಾರಿಸಿದ. ಮುದುಕ ಬಿದ್ದ. ಏಳಲು ಹೋದವನಿಗೆ ಒದ್ದ. ಡ್ರೈವರ್ ಬೇಲಿ ಬಿಟ್ಟು ಓಡಿಬಂದ.

ಎಲ್ಲರ ಕಣ್ಣೂ ಮುದುಕನ ಮೇಲಿದ್ದ ಆ ಒಂದೇ ಗಳಿಗೆಯಲ್ಲಿ ಕಾಂತು ಕಬ್ಬಿನ ಸಾಲಿಗೆ ಸರಿದು, ಬಾಯಿಪಾಠವಾಗಿದ್ದ ನಂಬರಿಗೆ ಎರಡು ಸಲ ಕರೆ ಮಾಡಿ ಕತ್ತರಿಸಿದ. ಹಿಂದೆ ಒದೆಯ ಸಪ್ಪಳ ಕೇಳುತ್ತಿತ್ತು. ತನಗಾಗಿ ಒದೆ ತಿನ್ನುವವನ ಮರೆಯಲ್ಲಿ ನಿಂತು ಅವನನ್ನೇ ಹಿಡಿಸಿಕೊಟ್ಟೆ ಎಂದು ಕಾಂತುಗೆ ಗೊತ್ತಿತ್ತು. ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಮೊಬೈಲನ್ನು ಕಬ್ಬಿನ ಬುಡದಲ್ಲಿ ಹೂತು ಹೊರಗೆ ಬಂದು, ಮುದುಕನ ರಟ್ಟೆ ಹಿಡಿದು ಎತ್ತಿದ.

ಲಾರಿ ನಾಲ್ಕಕ್ಕೆ ಬಂದು ಅರ್ಧ ತುಂಬುವವರೆಗೆ ವಿದ್ಯಾವತಿ ಕಾಲುವೆಯ ಮರೆಯಲ್ಲಿ ಕಾದಳು. ಆಮೇಲೆ ಮೂರು ಜೀಪು ಮೂರು ಕಡೆಯಿಂದ ಬಂದವು. ಬಸಂತರಾಯ ಕುರಿಗಳ ನಡುವೆಯೇ, ಬಿಳಿ ಅಂಗಿಗೆ ಹಿಕ್ಕೆ ಬಳಿದುಕೊಂಡು ಸಿಕ್ಕ. ಕಾಂತುಗೂ ಎಲ್ಲರಂತೆ ಬೇಡಿ ಬಿತ್ತು, ಎಲ್ಲರಿಗಿಂತ ಒಂದು ಏಟು ಹೆಚ್ಚೇ ಬಿತ್ತು. ಬೇಡಿ ಹಾಕುವ ನೆವದಲ್ಲಿ ವಿದ್ಯಾವತಿ ಕಿವಿಯಲ್ಲಿ ಹೇಳಿದಳು: "ಮುಂಜಾನೆ ಸುದ್ದಿ ಬಂದೈತಿ, ನಿಮ್ಮ ಮಾವಗ ತಲಿಗಿ ಹೊಲಗಿ ಬಿದ್ದಾವ, ಸಿಂದಗಿ ದವಾಖಾನ್ಯಾಗ ಆರಾಮ ಅದಾನ. ನೀ ಇನ್ನೊಂದ ತಾಸು ಇವರ ಜೋಡಿ ಕೂಡು. ನದಿ ಆಚಿಗಿ ಕುರಿ ಕೊಳ್ಳವನ ಹೆಸರು ಬೇಕು ನನಗ. ಬಾಯಿ ಬಿಡಬ್ಯಾಡ."

ಲಾರಿಯವನನ್ನು ಬೇರೆ ಕಡೆ ಒಯ್ದು, ಠಾಣೆಯ ಹಿಂದಿನ ಕೋಣೆಯಲ್ಲಿ ದಡ್ಡಿಯ ನಾಲ್ವರನ್ನು ಗೋಡೆಗೆ ಸಾಲಾಗಿ ಕೂಡಿಸಿದರು. ಬಾಗಿಲ ಹೊರಗೆ ಒಬ್ಬ ಪೇದೆ. ಬಸಂತರಾಯ ಸಣ್ಣ ದನಿಯಲ್ಲಿ ಅಂದ: "ನಾಕಕ್ಕ ಲಾರಿ ಬರೂದು ದಡ್ಡ್ಯಾಗ ನಮಗ ನಾಕ ಮಂದಿಗಷ್ಟ ಗೊತ್ತಿತ್ತು. ನಮ್ಮೊಳಗಿನವನ ಹೇಳ್ಯಾನ." ಅವನ ನೋಟ ಕಾಂತುವಿನ ಮೇಲೆ ನಿಂತಿತು. "ಹನ್ನೆರಡು ದಿನದ ಹೊಸಾ ಮನಶ್ಯಾ ನೀ."

ಕಾಂತು ಹಳದಿ ಹತ್ತಿದ ಅಂಗೈ ಮುಚ್ಚಿಕೊಂಡ.

"ಆ ಹುಡುಗ ಅಲ್ರಿ," ಎಂದ ರೇವಣಪ್ಪ. ಅವನ ತುಟಿ ಒಡೆದು ಬಾತಿತ್ತು. "ನನ್ನ ಮುಂದ ಭಂಡಾರ ಮುಟ್ಟ್ಯಾನ ಅವ. ಪೊಲೀಸರ ಕಡಿ ಹೋಗೂದಿಲ್ಲ ಅಂದಾನ. ನನ್ನ ಕುತ್ತಿಗಿ ಕೊಯ್ರಿ, ಆ ಹುಡುಗ ಅಲ್ಲ."

"ಭಂಡಾರ ಯಾಕ ಮುಟ್ಟಿಸಿದಿ? ಏನಿತ್ತು ಮುಟ್ಟಿಸೂವಂಥಾದ್ದು?"

ಮುದುಕ ಬಾಯಿ ಮುಚ್ಚಿಕೊಂಡ. ಹುಡುಗನ ಹಿಂಡು, ಹಳ್ಳದ ದಂಡೆ, ನಾಳೆ ಮುಂಜಾನೆ, ಅದನ್ನೆಲ್ಲ ಹೇಳಿದರೆ ಹುಡುಗ ಸಿಕ್ಕಿಬೀಳುತ್ತಾನೆ.

"ಗಿಡದ ಬುಡಕ ಪಿಸುಪಿಸು. ಆಮ್ಯಾಲ ಬ್ಯಾನಿ ಅಂತ ಸುಳ್ಳು ಹೇಳಿ ಲಾರಿ ತಡಸಾಕ ಬಂದಿ," ಬಸಂತರಾಯ ಒಂದೊಂದನ್ನೇ ಜೋಡಿಸಿದ. "ಅಂದ್ರ ನೀನ. ತಪ್ಪಾತು ನಂದು, ಮುದುಕ ಅಂತ ನಂಬಿದ್ದೆ. ನಾ ಎಂಟ ದಿನದಾಗ ಹೊರಗ ಬರ್ತೇನಿ ರೇವಣ್ಯಾ. ನಿನಗೂ ಜಾಮೀನು ನಾನ ಕೊಡಸ್ತೇನಿ. ಕಾಲುವಿ ಎಲ್ಲೂ ಹೋಗಿಲ್ಲ."

ರೇವಣಪ್ಪ ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಕಾಂತುವಿನ ಕಡೆಗೆ ತಿರುಗಿ, ಸುಮ್ಮನಿರು ಎನ್ನುವಂತೆ ಕಣ್ಣಲ್ಲೇ ಗದರಿದ.

ಸುಮ್ಮನಿರು ಎಂದು ಮೇಡಂ ಹೇಳಿದ್ದಳು. ಸುಮ್ಮನಿರು ಎಂದು ಮುದುಕನೂ ಹೇಳುತ್ತಿದ್ದಾನೆ. ಸುಮ್ಮನಿದ್ದರೆ ಒಂದು ಹೆಸರು ಸಿಗುತ್ತದೆ, ಬೆನ್ನು ತಟ್ಟಿಸಿಕೊಳ್ಳಬಹುದು, ಎಂಟು ದಿನದ ಮೇಲೆ ಕಾಲುವೆಯಲ್ಲಿ ಇನ್ನೊಂದು ಹೆಣ ತೇಲಬಹುದು. ಕಾಂತು ಬೇಡಿಯ ಕೈಯನ್ನು ಗೋಡೆಗೆ ಊರಿ ಎದ್ದು ನಿಂತ.

"ಅವರಲ್ಲ, ನಾ ಹೇಳೀನಿ," ಎಂದ. "ನನ್ನ ಹೆಸರು ಅರುಣಕುಮಾರ ಅಲ್ಲ. ಕಾಂತು. ಪೊಲೀಸ ಪೇದೆ ಅದೇನಿ. ಮೂರಕ್ಕ ಕಬ್ಬಿನ್ಯಾಗ ನಿಂತು ಫೋನ್ ಮಾಡೀನಿ. ಈ ಯಜಮಾನಗ ಏನೇನೂ ಗೊತ್ತಿಲ್ಲ."

ಡ್ರೈವರ್ ಗೋಡೆಗೆ ಒತ್ತಿ ಕುಳಿತ. ಬಸಂತರಾಯ ಕಾಂತುವಿನ ಮುಖವನ್ನು ನೆನಪಿಟ್ಟುಕೊಳ್ಳುವವನಂತೆ ನೋಡಿ ಬಾಯಿಗೆ ಬೀಗ ಹಾಕಿಕೊಂಡ. ಅವನ ಬಾಯಿಂದ ಇನ್ನು ಯಾವ ಹೆಸರೂ ಬರುವಂತಿರಲಿಲ್ಲ. ಬಾಗಿಲಲ್ಲಿ ಬಂದು ನಿಂತಿದ್ದ ವಿದ್ಯಾವತಿಗೆ ಎಲ್ಲ ಕೇಳಿಸಿತ್ತು. ಅವಳ ಮುಖ ಸಿಟ್ಟಿನಿಂದ ಕೆಂಪಾಗಿತ್ತು. ಆದರೂ ಒಳಗೆ ಬಂದು ಕಾಂತುವಿನ ಬೇಡಿ ಬಿಚ್ಚಿದಳು.

ಕಾಂತು ರೇವಣಪ್ಪನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತ. ಉಗುಳಲಿ, ಬೈಯಲಿ, ಶಾಪ ಹಾಕಲಿ, ಏನಾದರೂ ಮಾಡಲಿ ಎಂದು ಕಾದ. ಮುದುಕ ಅವನ ಅಂಗೈ ನೋಡಿದ, ಆಮೇಲೆ ಮುಖ ನೋಡಿದ. ಏನನ್ನೋ ಲೆಕ್ಕ ಹಾಕಿದವನಂತೆ ಕೇಳಿದ.

"ನಿಮ್ಮವ್ವ ಅದಾಳೇನಪ್ಪಾ?"

"ಅದಾಳ್ರಿ. ಮೋರಟಗಿಯೊಳಗ."

"ನೀ ಭಂಡಾರ ಮುಟ್ಟಿದ್ದನ್ನ ಆಕಿ ಮುಂದ ಹೇಳಬ್ಯಾಡ," ಎಂದ ರೇವಣಪ್ಪ. "ಹೆದರ್ತಾಳ."